ತೊಳೆದ ಲೋಟ

ಆ ಧಾರಾವಾಹಿಯ ಇನ್ಸ್‌ಪೆಕ್ಟರ್ ನಮ್ಮ ಮನೆಯವನೇ ಆಗಿಹೋಗಿದ್ದ. ಶುರುವಾದಾಗ ಅವನ ಮೀಸೆ ಕಪ್ಪಗಿತ್ತು, ಈಗ ಬಣ್ಣ ಹಚ್ಚಿದ್ದು ಗೊತ್ತಾಗುತ್ತದೆ. ಪ್ರತಿ ಶನಿವಾರ ಸಂಜೆ ಒಂದು ಕೊಲೆ, ಕಂತು ಮುಗಿಯುವುದರೊಳಗೆ ಕೊಲೆಗಾರ. ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ನನ್ನದೊಂದು ಲಾರಿ ಬಿಡಿಭಾಗದ ಅಂಗಡಿ. ಶನಿವಾರ ಸಂಜೆ ಬಂದ ಗಿರಾಕಿಗೆ ಜಾಹೀರಾತು ಬರುವ ತನಕ ಒಂದು ಬೋಲ್ಟೂ ಸಿಗುತ್ತಿರಲಿಲ್ಲ.

ನನಗಿಂತ ದೊಡ್ಡ ಅಭಿಮಾನಿ ನನ್ನ ಅಕ್ಕ. ಅವಳು ಮದುವೆಯಾಗಿ ನಿಲ್ಕುಂದದ ಕಡೆ ಹೋದ ಮೇಲೆ ನಮ್ಮಿಬ್ಬರ ಮಾತುಕತೆ ಉಳಿದದ್ದೇ ಈ ಕೊಲೆಗಳಿಂದ. ಮೊದಲ ಜಾಹೀರಾತು ಬಂದ ಕೂಡಲೇ ಅವಳ ಫೋನು. "ಹೆಂಡ್ತಿ ಅಲ್ದೋ ತಮ್ಮಾ, ಆ ಡ್ರೈವರ್ರೇ. ಬೇಕಾದ್ರೆ ನೋಡ್ತಾ ಇರು." ಅವಳು ಹೇಳಿದವನೇ ಕಡೆಗೆ ಕೈಕೋಳ ಹಾಕಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತ ಭಾವ, "ಇವ್ಳ ಹತ್ರ ಹುಷಾರಾಗಿರವು ಮಾರಾಯಾ" ಎಂದು ಕೀಟಲೆ ಮಾಡುವುದೂ ಫೋನಿನಲ್ಲಿ ಕೇಳುತ್ತಿತ್ತು.

ಆ ಭಾವ ಒಂದು ಬೆಳಿಗ್ಗೆ ಕಷಾಯ ಕುಡಿದು, ಎದೆ ಹಿಡಿದುಕೊಂಡು, ಜಗಲಿಯಲ್ಲೇ ಹೋಗಿಬಿಟ್ಟರು. ಸಿದ್ದಾಪುರದಿಂದ ಬಂದ ಡಾಕ್ಟರು ಹೃದಯಾಘಾತ ಎಂದರು. ಮೊದಲೇ ಎದೆನೋವು ಬಂದು ಮಾತ್ರೆ ನುಂಗುತ್ತಿದ್ದ ಮನುಷ್ಯ. ಯಾರಿಗೂ ಅನುಮಾನ ಬರಲಿಲ್ಲ, ಬರುವಂಥದ್ದೂ ಇರಲಿಲ್ಲ.

ಕೆಲವು ತಿಂಗಳ ಮೇಲೆ ಬಂತು ಆ ಕಂತು. ಮಲೆನಾಡಿನ ಒಂದು ಮನೆ. ಹೆಂಡತಿ ಕಷಾಯದಲ್ಲಿ ವಿಷ ಬೆರೆಸಿ ಗಂಡನನ್ನು ಕೊಲ್ಲುತ್ತಾಳೆ. ಕೊನೆಯಲ್ಲಿ ನಮ್ಮ ಇನ್ಸ್‌ಪೆಕ್ಟರ್ ಅಡುಗೆಮನೆಗೆ ನುಗ್ಗಿ, ತೊಳೆದು ಕವುಚಿಟ್ಟ ಲೋಟವನ್ನು ಎತ್ತಿ ಹಿಡಿದು ಕೇಳುತ್ತಾನೆ: ಗಂಡ ಸಾಯುತ್ತಿರುವಾಗ ಯಾವ ಹೆಂಡತಿ ಲೋಟ ತೊಳೆಯುತ್ತಾಳೆ? ಅಷ್ಟೇ ಸಾಕ್ಷಿ. ಅವಳು ಒಪ್ಪಿಕೊಂಡಳು. ಕೆಳಗೆ 'ನಡೆದ ಘಟನೆ ಆಧರಿಸಿದ್ದು' ಎಂಬ ಅಕ್ಷರ ಬೇರೆ.

ಯಾವ ಹೆಂಡತಿ ತೊಳೆಯುತ್ತಾಳಂತೆ. ನಮ್ಮ ಸೀಮೆಯಲ್ಲಿ ತೊಳೆಯದವಳೊಬ್ಬಳನ್ನು ತೋರಿಸಲಿ ನೋಡೋಣ. ಕುಡಿದಿಟ್ಟ ಲೋಟ ಎಂಜಲು. ಅದನ್ನು ಕಾಲಬುಡದಲ್ಲಿ ಬಿಟ್ಟು ಇಲ್ಲಿ ಯಾರೂ ಮುಂದಿನ ಕೆಲಸ ಮುಟ್ಟುವುದಿಲ್ಲ. ಲೋಟ ತೊಳೆದು, ಇಟ್ಟ ಜಾಗಕ್ಕೆ ನೀರು ಚಿಮುಕಿಸಿ ಒರೆಸುವುದು ಕೈಗೆ ಕೂತ ಅಭ್ಯಾಸ. ಮನೆಗೆ ಬೆಂಕಿ ಬಿದ್ದರೂ ಕೈ ಅಷ್ಟು ಮಾಡಿಯೇ ಓಡುತ್ತದೆ. ಅಕ್ಕನೂ ಭಾವನ ತಲೆಯನ್ನು ದಿಂಬಿಗೆ ಒರಗಿಸಿ, ಪಕ್ಕದ ಮನೆಗೆ ಕೂಗು ಹಾಕಿ, ಬರುವವರ ಕಾಲಿಗೆ ಎಂಜಲು ಸಿಗಬಾರದೆಂದು ಲೋಟ ತೊಳೆದಿಟ್ಟಿದ್ದಳು. ಓಡಿಬಂದ ಹೆಂಗಸರೆಲ್ಲ ಅದನ್ನು ನೋಡಿದ್ದರು. ನೋಡಿ ಅವರಿಗೇನೂ ಅನ್ನಿಸಿರಲಿಲ್ಲ, ಅವರಾದರೂ ಅದನ್ನೇ ಮಾಡುತ್ತಿದ್ದರು.

ಟಿವಿ ನೋಡಿದ ಮೇಲೆ ಅನ್ನಿಸಿತು. ಹುಲೇಕಲ್ ಬಸ್ಸಿನಲ್ಲಿ ಯಾರೋ "ಅದು ನಿಲ್ಕುಂದದ ಬದಿಗೆ ನಡದ್ದೇ ಅಡ" ಎಂದು ಗಾಳಿಮಾತು ಆಡಿದ್ದು ನನ್ನ ಹೆಂಡತಿಯ ಕಿವಿಗೇ ಬಿತ್ತು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ದಿನವಿಡೀ ಎಂಜಲು ಲೋಟ ತೊಳೆಯುವವರಿಗೇ ನನ್ನ ಅಕ್ಕ ತೊಳೆದ ಲೋಟದಲ್ಲಿ ವಿಷ ಕಂಡಿತು. ಕಥೆ ಬರೆದವನ ಮೇಲಿನ ಸಿಟ್ಟಿಗಿಂತ ಇವರ ಮೇಲಿನ ಸಿಟ್ಟೇ ನನಗೆ ಹೆಚ್ಚು. ಅವನಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು.

ಭಾವನ ವರ್ಷಾಂತ ಕಳೆದು ನೆಂಟರಿಷ್ಟರಿಗೆ ಊಟ ಹಾಕಿದ ದಿನ ಎಲ್ಲವನ್ನೂ ಕಣ್ಣಾರೆ ಕಂಡೆ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಆಸರಿಗೆ ಕೊಡಬೇಕು, ಬಾಯಾರಿಕೆಗೆ ಬೆಲ್ಲ ನೀರೋ ಪಾನಕವೋ. ಕೊಟ್ಟದ್ದನ್ನು ಬೇಡವೆನ್ನುವುದು ಮುಖಕ್ಕೆ ಹೊಡೆದ ಹಾಗೆ. ಅಕ್ಕ ಪಾನಕದ ಹರಿವಾಣ ಹಿಡಿದು ಜಗಲಿಗೆ ಬಂದಳು. ಒಬ್ಬಳು, "ಬ್ಯಾಡ ಮಾರಾಯ್ತಿ, ಈಗ ಮನೇಲಿ ಕುಡ್ಕಂಡೇ ಬಂದಿ" ಎಂದಳು. ಇನ್ನೊಬ್ಬಳು, "ಯಂಗೆ ಬೆಲ್ಲ ಆಗ್ತಿಲ್ಲೆ" ಎಂದಳು. ಅಡುಗೆಗೆ ಹೊರಗಿನವರು ಬಂದಿದ್ದರು ನೋಡಿ, ಬೆಲ್ಲ ಆಗದ ಅದೇ ಹೆಂಗಸು ಊಟಕ್ಕೆ ಕೂತು ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡಳು.

ಹರಿವಾಣ ತುಂಬಿದಂತೆಯೇ ಒಳಗೆ ಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬೊಬ್ಬರನ್ನೂ ಜಾಡಿಸುತ್ತೇನೆಂದು ಹೊರಟವನ ತೋಳನ್ನು ಅಕ್ಕ ಹಿಡಿದಳು. "ಬ್ಯಾಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ ಹೇಳ್ತ." ನಾನು ಒಂದು ಲೋಟ ಎತ್ತಿ, ಎಲ್ಲರೆದುರು ನಿಂತು ಕುಡಿದು, ಖಾಲಿ ಲೋಟವನ್ನು ಬೇಕೆಂದೇ ಜಗಲಿಯ ನಟ್ಟನಡುವೆ ಇಟ್ಟೆ. "ತೊಳಿಯಡ. ಅಲ್ಲೇ ಇರ್ಲಿ, ಎಲ್ಲರೂ ನೋಡ್ಲಿ" ಎಂದೆ. ಬಚ್ಚಲಿಗೆ ಹೋಗಿ ಬಾಯಿ ತೊಳೆದು ಬರುವಷ್ಟರಲ್ಲಿ ಲೋಟ ಅಲ್ಲಿರಲಿಲ್ಲ. ನೆಲ ಒರೆಸಿದ ಒದ್ದೆ ಮಾತ್ರ ಇತ್ತು.

ಆ ಧಾರಾವಾಹಿಯನ್ನು ಬಿಟ್ಟೇಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಕೆಲವು ಶನಿವಾರ ಅಂಗಡಿಯಲ್ಲಿ ಟಿವಿ ಹಾಕಲಿಲ್ಲ, ಅಷ್ಟೆ. ಹಾವೇರಿ ಕಡೆಯ ಲಾರಿ ಡ್ರೈವರ್ ಒಬ್ಬ, "ಯಾಕ್ರಿ ಸಾವ್ಕಾರ್ರ, ಟಿವಿ ಕೆಟ್ಟೇತೇನು? ಹಚ್ರಿ, ಇವತ್ತು ಛಲೋ ಕೇಸ್ ಐತಿ" ಎಂದ. ಹಚ್ಚಿದೆ. ಹಾಳಾದ್ದು, ಛಲೋನೇ ಇತ್ತು. ಆ ಇನ್ಸ್‌ಪೆಕ್ಟರ್ ಬಾಗಿಲು ತಳ್ಳಿ ಒಳಗೆ ಬಂದರೆ ಈಗಲೂ ನನ್ನ ಕೈ ಕೆಲಸ ನಿಲ್ಲಿಸುತ್ತದೆ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಕೆಟ್ಟದಾಗಿ ಮಾಡಿದ್ದರೆ ಅವನ ಮಾತನ್ನು ಯಾರು ನಂಬುತ್ತಿದ್ದರು?

ಮೊದಲ ಜಾಹೀರಾತು ಬಂತು. ಫೋನು ಹೊಡೆದುಕೊಂಡಿತು, ಅಕ್ಕನದು. ಆ ಕಂತಿನ ನಂತರ ಶನಿವಾರ ಸಂಜೆ ಅವಳು ಫೋನು ಮಾಡಿರಲೇ ಇಲ್ಲ.

"ನೋಡ್ತಾ ಇದ್ಯಾ?" ಎಂದಳು.

"ಹೂಂ. ಕೊಂದವ ಯಾರು ಹೇಳು ಅಕ್ಕಾ" ಎಂದೆ. ಅವಳ ಬಾಯಿಂದ ಒಂದು ಹೆಸರು ಬರಲಿ ಎಂದು ನನಗೆ ಎಷ್ಟು ಆಸೆಯಾಗಿತ್ತೆಂದರೆ, ತಪ್ಪು ಹೇಳಿದ್ದರೂ ಸಾಕಿತ್ತು.

ಅವಳ ಕಡೆಯ ಟಿವಿಯಲ್ಲಿ ಸಾಬೂನಿನ ಹಾಡು ಮುಗಿಯಿತು.

"ಗೊತ್ತಾಗ್ತಿಲ್ಲೆ ತಮ್ಮಾ. ಈಗ ಯಂಗೆ ಯಾರ ಮೇಲೂ ಅನುಮಾನ ಮಾಡಲೆ ಮನಸೇ ಬತ್ತಿಲ್ಲೆ."