ತವರಿನ ಹಂದಿಗೆ ಗೆಣಸು

ನನ್ನ ಗಂಡನ ಹೆಸರು ಶಂಕ್ರೆಪ್ಪ. ಅವರು ಇರುವಾಗ ಈ ಹೆಸರನ್ನು ಬಾಯಿಂದ ಹೇಳಿದವಳಲ್ಲ. ಸುರೇಬಾನದಲ್ಲಿ ಹಂದಿ ಸಾಕಿ ಬದುಕಿದರು. ಹೋದ ಮಳೆಗಾಲದಲ್ಲಿ ಕಾಮಣಿ ರೋಗವಾಗಿ ತೀರಿಕೊಂಡರು. ನಾನು ಕಲಿತದ್ದು ಮೂರನೇ ಇಯತ್ತೆ. ಬಂದಷ್ಟು ಬರೆಯುತ್ತೇನೆ.

ಬೆಳಿಗ್ಗೆ ಬಿಟ್ಟ ಹಂದಿಗಳು ಸಂಜೆ ಅವರ ಕೂಗಿಗೆ ಓಡಿ ಬರುತ್ತಿದ್ದವು. ಬೇರೆಯವರು ಕೂಗಿದರೆ ಕಿವಿ ಎತ್ತುತ್ತಿರಲಿಲ್ಲ. ಅವರದು ಮಾತು ಕಡಿಮೆ, ಹಟ ಹೆಚ್ಚು.

ನಮ್ಮಲ್ಲಿ ಮದುವೆಗೆ ತವರಿನವರು ಒಂದು ಹೆಣ್ಣು ಮರಿ ಕೊಡುತ್ತಾರೆ. ಅದರ ಸಂತತಿ ಹೆಂಗಸಿನದು. ಅವಳನ್ನು ಕೇಳದೆ ಮಾರುವಂತಿಲ್ಲ, ಕಡಿಯುವಂತಿಲ್ಲ. ನಮ್ಮವ್ವ ಕೊಟ್ಟ ಮರಿಯ ಸಂತತಿ ಹನ್ನೆರಡು ವರ್ಷ ನಡೆದು ಬಂತು. ತೊಂಬತ್ತೆಂಟರಲ್ಲಿ ಒಂದೇ ತಾಯಿ ಉಳಿದಿತ್ತು. ಅದರ ಮರಿಗಳು ಹಾಲು ಬಿಟ್ಟ ಮೇಲೆ ಅದೂ ಲಾರಿಗೆ ಸಿಕ್ಕು ಸತ್ತಿತು. ಆರು ಮರಿ, ಎರಡೇ ಹೆಣ್ಣು. ಅವ್ವ ಸತ್ತು ಆಗಲೇ ವರ್ಷವಾಗಿತ್ತು. ಆ ಎರಡು ಹೋದರೆ ಅವಳು ಕೊಟ್ಟದ್ದು ಮುಗಿದಂತೆ.

ಮರಿಗಳಿಗೆ ಹುಳ ಆಯಿತು. ಹೊಟ್ಟೆ ಉಬ್ಬಿತು, ಬೆನ್ನೆಲುಬು ಎದ್ದಿತು. ಹೇಲಿನಲ್ಲಿ ಬಿಳಿ ನೂಲಿನಂಥ ಹುಳ. ನನ್ನ ಗಂಡ ಮುಸುರೆ ನಿಲ್ಲಿಸಿ ಬರೀ ಜೋಳದ ಹೊಟ್ಟು ಕಲಸಿ ಹಾಕಿದರು. ಒರಟು ಹೊಟ್ಟು ಕರುಳು ಗುಡಿಸುತ್ತದೆ, ಹುಳ ಹೊರಗೆ ಬೀಳುತ್ತದೆ ಎಂದು ಅವರಪ್ಪ ಹೇಳಿದ್ದ. ನಮ್ಮ ಓಣಿಯೆಲ್ಲ ಹಾಗೇ ಮಾಡುತ್ತಿತ್ತು. ನಾನೂ ನಂಬಿದ್ದೆ. ಹದಿನೈದು ದಿನದಲ್ಲಿ ಎರಡು ಗಂಡು ಸತ್ತವು. ಹೊಟ್ಟು ಸಾಲಲಿಲ್ಲ ಎಂದು ಇನ್ನಷ್ಟು ಹಾಕಿದರು.

"ಹೊಟ್ಟ ಬಿಡಿಸಿ ನೋಡೂಣೇನ್ರಿ?" ಅಂದೆ.

"ನಿಮ್ಮಪ್ಪ ಎಷ್ಟ ಹಂದಿ ಸಾಕಿದ್ದ?"

"ಅಪ್ಪ ಬುಟ್ಟಿ ಹೆಣೀತಿದ್ದ. ಹಂದಿ ನೋಡಿದಾಕಿ ನಮ್ಮವ್ವ."

"ಹಂಗಾರ ಆಕೀನ್ನ ಕೇಳ್ಹೋಗು."

ಸತ್ತವಳನ್ನು ಎಲ್ಲಿ ಕೇಳಲಿ? ಬುಟ್ಟಿಯಲ್ಲಿ ಒಂದೇ ಮರಿ ಹಿಡಿಯುತ್ತಿತ್ತು. ಮರುದಿನ ಒಂದು ಹೆಣ್ಣು ಮರಿಯನ್ನು ಅದರಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಕೋಳಿ ಅಂದುಕೊಂಡಿದ್ದ. ಅದು ಕಿರುಚಿದಾಗ ಇಳಿಸಿಬಿಟ್ಟ. ಉಳಿದ ದಾರಿ ನಡೆದು ಮನೋಳಿಗೆ ತಂಗಿ ಕೃಷ್ಣವ್ವನ ಮನೆಗೆ ಹೋದೆ. ಮರಿಯನ್ನು ಅವಳ ಹತ್ತಿರ ಬಿಟ್ಟು ಬಂದೆ.

ಅವಳ ಮನೆಯಲ್ಲಿ ಹೊಟ್ಟು ಇರಲಿಲ್ಲ. ಹೊಳೆಯ ಪಕ್ಕದ ಹೊಲಗಳಿಗೆ ಗೆಣಸು ಅಗೆಯಲು ಕೂಲಿಗೆ ಹೋಗುತ್ತಿದ್ದಳು. ಗುದ್ದಲಿ ತಾಗಿ ತುಂಡಾದ ಗೆಣಸನ್ನು ಮನೆಗೆ ತರುತ್ತಿದ್ದಳು. ಮರಿಗೆ ದಿನಾ ಅದನ್ನೇ ಬೇಯಿಸಿ ಹಾಕಿದಳು.

ತಿಂಗಳೊಳಗೆ ನಮ್ಮ ಮನೆಯ ಹೆಣ್ಣು ಮರಿ ಸತ್ತಿತು. ನಾನು ಅಳಲಿಲ್ಲ. ಗಂಡನ ಜೊತೆ ಮಾತು ಬಿಟ್ಟೆ. ಅವರು ಎಂಟು ದಿನ ನೋಡಿದರು. ಒಂಬತ್ತನೆಯ ದಿನ ಮನೋಳಿಗೆ ಹೊರಟರು. ನಾನೂ ಹಿಂದೆ ಹೋದೆ.

ಮರಿಯ ಬೆನ್ನು ತುಂಬಿತ್ತು. ಅವರು ಕುಕ್ಕರಗಾಲಿನಲ್ಲಿ ಕುಳಿತು ಕಡ್ಡಿಯಿಂದ ಅದರ ಹೇಲು ಕೆದರಿದರು. ಬಹಳ ಹೊತ್ತು ಕೆದರಿದರು.

"ಮಾಮಾ, ಏನ ಕಳಕೊಂಡೀರಿ ಅದರಾಗ?" ಎಂದು ಕೃಷ್ಣವ್ವ ನಕ್ಕಳು.

"ಒಂದೆರಡ ಹುಳ ಅದಾವ. ನಮ್ಮಲ್ಲಿ ಗಂಟಗಂಟ ಬೀಳತಿದ್ದುವು," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಹೊಟ್ಟ ಹಾಕಿ ಹಾಕಿ ನಾನ ಕೊಂದೆ."

ಮರಿಯ ಜೊತೆ ಒಂದು ಚೀಲ ಗೆಣಸನ್ನೂ ಹೊತ್ತು ತಂದರು. ಮನೆಯಲ್ಲಿ ಉಳಿದಿದ್ದ ಗಂಡು ಮರಿಗಳಲ್ಲಿ ಒಂದು ಬದುಕಿತು, ಒಂದು ಬದುಕಲಿಲ್ಲ. ಮುಂದೆ ರಾಮದುರ್ಗದ ದನದ ಡಾಕ್ಟರು ಹುಳದ ಔಷಧ ಕೊಟ್ಟರು, ಕಾರಣವನ್ನೂ ಹೇಳಿದರು. ಹೊಟ್ಟು ಕರುಳಿನಲ್ಲಿ ಕರಗದು, ಹುಳಕ್ಕೆ ಅದು ಒಳ್ಳೆಯದೇ. ಗೆಣಸು ದೊಡ್ಡ ಕರುಳಿನಲ್ಲಿ ಹುದುಗಿ ಹುಳಿಯಾಗುತ್ತದೆ, ಆ ಹುಳಿಯಲ್ಲಿ ಹುಳ ನಿಲ್ಲುವುದು ಕಷ್ಟ. ನನ್ನ ಗಂಡ ಓಣಿಯ ಮನೆಮನೆಗೂ ಹೋಗಿ ಹೊಟ್ಟು ಹಾಕಬೇಡಿ ಎಂದರು. ಶಂಕ್ರೆಪ್ಪ ಹೆಂಡತಿಯ ಕೈಗೆ ಮೂಗುದಾರ ಕೊಟ್ಟಿದ್ದಾನೆ ಎಂದು ಜನ ಆಡಿಕೊಂಡರು. ಆದರೂ ನನ್ನ ಗಂಡ ಹೇಳುವುದನ್ನು ಬಿಡಲಿಲ್ಲ.

ಆ ಮರಿಯ ಮೊಮ್ಮಗಳು ಈಗ ಗಬ್ಬದ ಹಂದಿ. ಗಂಡ ತೀರಿದ ವರ್ಷದ ದಿನದ ಊಟಕ್ಕೆ ಕಡಿಯಲು ಮೈದುನ ಶಟ್ಟೆಪ್ಪ ಅದನ್ನೇ ಕೇಳಿದ. ಅಣ್ಣನಿಗೆ ಅದರ ಮೇಲೆ ಬಹಳ ಜೀವ ಇತ್ತು ಅಂದ.

"ಅದು ನಿಮ್ಮಣ್ಣಂದಲ್ಲೋ, ನಂದು," ಅಂದೆ. "ಬ್ಯಾರೇದ ಕಡೀರಿ."

ಬೇರೆಯದನ್ನು ಕಡಿದರು. ನಾನು ಒಲೆಯ ಮೇಲಿನ ಗೆಣಸು ಇಳಿಸಿ ಆರಿಸಿದೆ. ಅವ್ವನ ಹಂದಿಗೆ ಹಾಕಿ, ಅದು ತಿಂದ ಮೇಲೆ ಬಂದವರಿಗೆ ಬಡಿಸಲು ಹೋದೆ.