ಬಾಡದ ದೇವು ಅಂಬಿಗರ ಗೆರಟೆ ಪಿಟೀಲು

ಬೆಳಕು ಈಗಷ್ಟೇ ಹರಿಯುತ್ತಿದೆ. ಕುಮಟೆ ಹತ್ತಿರದ ಬಾಡದಲ್ಲಿ ದೇವು ಅಂಬಿಗ ಮನೆ ಮೆಟ್ಟಿಲ ಮೇಲೆ ಕೂತು ಒಡೆದ ಗಾಜಿನ ಚೂರಿನಿಂದ ತೆಂಗಿನ ಗೆರಟೆ ಹೆರೆಯುತ್ತಿದ್ದಾರೆ. ಹಗಲೆಲ್ಲ ದೋಣಿಗಳ ಸಂದಿಗೆ ರಾಳ ತುಂಬುವ ಕೂಲಿ. ಪಿಟೀಲು ಮಾಡಲು ಸಿಗುವುದು ಈ ಹೊತ್ತು ಮಾತ್ರ. "ಒಂದು ಒಳ್ಳೆ ಗೆರಟೆ ಮನೇಲಿ ಉಳಿಯೂದಿಲ್ಲ. ಸೌಟಿಗೆ ಇಟ್ಟಿದ್ದೂ ಹೋತು," ಎಂದು ಹೆಂಡತಿ ನೀಲಾ ಒಳಗಿಂದಲೇ ಗೊಣಗುತ್ತಾರೆ. ದೇವು ನಗುತ್ತಾರೆ, ಕೈ ನಿಲ್ಲಿಸುವುದಿಲ್ಲ.

ಇದು ಚೀನೀಯರ ಪಿಟೀಲು. ಹರೆಯದಲ್ಲಿ ದೇವು ಮುಂಬಯಿಯ ಸರಕು ಹಡಗೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅಲ್ಲಿನ ಚೀನೀ ಅಡಿಗೆಯವ ಕೆಲಸ ಮುಗಿಸಿ ಇದನ್ನು ನುಡಿಸುತ್ತಿದ್ದನಂತೆ. ನೋಡಿ ನೋಡಿಯೇ ಕಲಿತದ್ದು. ಗೆರಟೆಗೆ ಬಿದಿರಿನ ದಂಡ, ಸೈಕಲ್ ಬ್ರೇಕಿನ ವಯರಿನಿಂದ ಬಿಡಿಸಿದ ಎರಡು ಎಳೆ ತಂತಿ. ಬಿಲ್ಲಿಗೆ ಬಲೆಯ ನೈಲಾನ್ ದಾರ, ಉಜ್ಜಲು ದೋಣಿಯದೇ ರಾಳ. ಬಿಲ್ಲಿನ ದಾರವನ್ನು ಎರಡು ತಂತಿಗಳ ನಡುವೆ ತೂರಿಸಿ ಆಮೇಲೆ ಕಟ್ಟುವುದರಿಂದ ಬಿಲ್ಲೂ ಪಿಟೀಲೂ ಬೇರೆಯಾಗುವುದೇ ಇಲ್ಲ. ಗಂಡಹೆಂಡಿರ ಹಾಗೆ ಎಂದು ಪಕ್ಕದಲ್ಲಿ ಕೂತು ನೋಡುತ್ತಿರುವ ನಾನೆಂದರೆ, "ಜಗಳನೂ ಹಾಗೇ ಮಾಡ್ತವೆ," ಎನ್ನುತ್ತಾರೆ ನೀಲಾ.

ಆಟಕ್ಕೆಂದು ಮಾಡುತ್ತಿರುವುದಲ್ಲ ಇದು. ಕೇರಿಯ ದೇವಸ್ಥಾನದಲ್ಲಿ ಈಗ ಭಜನಾ ಸಪ್ತಾಹ. ಏಳು ದಿನ ಹಾಡು ನಿಲ್ಲುವಂತಿಲ್ಲ, ಮನೆಗೊಂದು ಪಾಳಿ. ನಾಳೆ ಬೆಳಗಿನ ಜಾವದ್ದು ದೇವು ಅವರ ಅಪ್ಪ ಚೌಡ ನಡೆಸುತ್ತಿದ್ದ ಪಾಳಿ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಗ ಮುಂದೆ ಕೂತು ನಡೆಸದಿದ್ದರೆ ಪಾಳಿ ಬೇರೆ ಮನೆಯ ಪಾಲಾಗುತ್ತದೆ. "ನಂದು ಕಾಗೆ ಗಂಟ್ಲು ರಾಯರೇ. ಹಾಡಿದ್ರೆ ದೇವ್ರೂ ಎದ್ದು ಹೋಗ್ತಾನೆ. ಆದ್ರೆ ಅಪ್ಪನ ಪಾಳಿ ಬಿಡೂಕೆ ಮನಸ್ಸು ಬರೂದಿಲ್ಲ. ಅದ್ಕೇ ಹಾಡೂ ಬದ್ಲು ಇದ್ನ ನುಡಿಸೂದು," ಎನ್ನುತ್ತಾರೆ ದೇವು.

ಎರಡು ವರ್ಷದ ಹಿಂದಿನ ಚೀನಾ ಯುದ್ಧವನ್ನು ಯಾರೂ ಮರೆತಿಲ್ಲ. ಚೀನೀಯರ ವಾದ್ಯ ದೇವರ ಮುಂದೆ ಬೇಡವೆಂದರು ಭಜನೆಯ ಹಿರಿಯ ಸುಬ್ಬಣ್ಣ. "ಗೆರಟೆ ನಮ್ಮ ಹಿತ್ಲದ್ದು, ಬಿದ್ರು ಪಕ್ಕದ ಹೊಳನಗದ್ದೆದು. ಚೀನಾದ್ದು ಎಂತದಿದೆ ಇದ್ರಲ್ಲಿ?" ಎಂದು ದೇವು ಕೇಳಿದಾಗ ನಕ್ಕು ಒಪ್ಪಿದರು. ಎಡವಟ್ಟಾದದ್ದು ಆಮೇಲೆ. ಮೊದಲು ಮಾಡಿದ ಪಿಟೀಲಿನ ಗೆರಟೆಯ ಬಾಯಿಗೆ ದೇವು ಬಿಗಿದಿದ್ದು ತೊರಕೆ ಮೀನಿನ ಚರ್ಮ! ಸಪ್ತಾಹ ಮುಗಿಯುವ ತನಕ ಇಡೀ ಕೇರಿ ಮೀನು ಮುಟ್ಟುವುದಿಲ್ಲ. "ದೇವಸ್ಥಾನಕ್ಕೆ ಮೀನು ತಂದ್ಯಾ ಮಾರಾಯಾ?" ಎಂದು ಸುಬ್ಬಣ್ಣ ಕೂಗಾಡಿಬಿಟ್ಟರು. ಮೀನಿನ ನಡುವೆಯೇ ಹುಟ್ಟಿ ಬೆಳೆದ ದೇವು ಅವರಿಗೆ ಅದು ಮೀನೆಂಬುದೇ ಹೊಳೆದಿರಲಿಲ್ಲ, ಪಾಪ.

ದಾರಿ ತೋರಿಸಿದ್ದು ನೀಲಾ. ನೆನೆಸಿದ ಅಡಿಕೆ ಹಾಳೆಯ ತೆಳು ಪದರ ಸುಲಿದು ಗಂಡನ ಕೈಗಿಟ್ಟರು. ಹಳೆಯದು ಮೈಲಿಗೆಯಾಯಿತೆಂದು ಬದಿಗಿಟ್ಟು, ಹೊಸದಾಗಿ ಹೆರೆದ ಈ ಗೆರಟೆಗೆ ದೇವು ಅದನ್ನು ಬಿಗಿಯುತ್ತಾರೆ. ದನಿ ತುಸು ಗೊಗ್ಗರು. ನನಗಂತೂ ಅದೇ ಹಿಡಿಸಿತು.

ಮರುದಿನ ಬೆಳಗಿನ ಜಾವ, ದೇವಸ್ಥಾನ. ಹಿಂದಿನ ಪಾಳಿಯವರು ಮುಗಿಸುತ್ತಿದ್ದಂತೆ ದೇವು ಅಪ್ಪನ ಹಾಡಿನ ಮೊದಲ ಸಾಲು ನುಡಿಸುತ್ತಾರೆ. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ಹೇಳಬೇಕು. ಇಲ್ಲಿ ಮಾತೇ ಇಲ್ಲವಲ್ಲ! ತಾಳ ಬೀಳುತ್ತದೆ, ಯಾರೂ ಬಾಯಿ ತೆರೆಯುವುದಿಲ್ಲ. ದೇವು ಕಣ್ಣು ಮುಚ್ಚಿ ಅದೇ ಸಾಲನ್ನು ಇನ್ನೊಮ್ಮೆ ಎಳೆಯುತ್ತಾರೆ. ಆಗ ಸುಬ್ಬಣ್ಣನವರೇ, ಚೌಡ ಹಾಡುತ್ತಿದ್ದ ಪದಗಳನ್ನು ಎತ್ತಿಕೊಳ್ಳುತ್ತಾರೆ. ಹಿಂದೆಯೇ ಇಡೀ ಕೇರಿ ಹಾಡುತ್ತದೆ.

ಪಾಳಿ ಮುಗಿಸಿ ಹೊರಬಂದ ದೇವು ಹೆಗಲ ಮೇಲಿನ ಪಂಚೆಯಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಇಷ್ಟು ವರ್ಷ ನನ್ ಸಂಗಡ ಯಾರೂ ದನಿ ಕೂಡ್ಸಿರ್ಲಿಲ್ಲ ರಾಯರೇ. ಇವತ್ತು ಕೂಡ್ಸಿದ್ರು."