ಎರಡನೆಯ ಸಲ ಕೇಳಿದಾಗ

ತುರ್ತು ಚಿಕಿತ್ಸೆಯ ಕ್ಯಾಶುಯಲ್ಟಿ ವಿಭಾಗ ನಾನು ಆರಿಸಿಕೊಂಡದ್ದಲ್ಲ, ನರ್ಸಿಂಗ್ ಕಾಲೇಜಿನ ಮೇಡಂ ನನ್ನ ಹೆಸರಿನ ಮುಂದೆ ಬರೆದುಬಿಟ್ಟದ್ದು ಎಂದು ಆರು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಹೆಂಡತಿಗೂ ಹಾಗೇ ಹೇಳಿದ್ದೆ.

ನರ್ಸಿಂಗ್ ತರಗತಿಯಲ್ಲಿ ನಾವು ಹುಡುಗರು ಏಳೇ ಜನ. ಚಿಂತಾಮಣಿ ಕಡೆಯ ಒಂದು ಆಸ್ಪತ್ರೆಗೆ ಹೆರಿಗೆ ವಾರ್ಡಿನ ತರಬೇತಿಗೆ ಹೋದರೆ ನಮ್ಮ ಜಾಗ ಪರದೆಯ ಆಚೆ. ಹುಡುಗಿಯರು ಒಳಗೆ ಹೆರಿಗೆ ಮಾಡಿಸುತ್ತಿದ್ದರು. ನಾವು ಅವರ ಕೇಸ್ ಬುಕ್ ನೋಡಿ ನಮ್ಮದರಲ್ಲಿ ಇಳಿಸುತ್ತಿದ್ದೆವು. ಅದಕ್ಕೂ ಸಹಿ ಬೀಳುತ್ತಿತ್ತು.

ನನ್ನ ಪುಸ್ತಕದಲ್ಲಿ ನಿಜವಾದದ್ದು ಒಂದೇ. ಒಂದು ಮಧ್ಯಾಹ್ನ ತಾಯಿಗೆ ರಕ್ತ ನಿಲ್ಲದೆ ಸಿಸ್ಟರಿಗೆ ಕೈ ಬಿಡುವಿರಲಿಲ್ಲ. ಆ ಬಾಣಂತಿಯ ಅಜ್ಜಿ ಪರದೆ ಸರಿಸಿ, "ಏಮಪ್ಪಾ, ಕಂಬದಂಗೆ ನಿಂತಿದೀಯ, ಮಗೂನ ಹಿಡ್ಕೋ ಬಾ" ಎಂದಳು. ಒರೆಸಿ, ಬೆಚ್ಚಗೆ ಸುತ್ತಿದೆ. "ನಿನ್ ಕೈ ಮೆತ್ತಗೈತೆ" ಎಂದಳು. ಈ ಕೊನೆಯ ಮಾತು ಅವಳದೋ, ನಾನು ಆಮೇಲೆ ಸೇರಿಸಿಕೊಂಡದ್ದೋ ಹೇಳಲಾರೆ, ಆಗ ನಾನು ಬರೆಯುತ್ತಿದ್ದ ಡೈರಿಯಲ್ಲಿಲ್ಲ. ನವಜಾತ ಶಿಶುಗಳ ವಾರ್ಡಿನ ಆಸೆ ಹುಟ್ಟಿದ್ದು ಮಾತ್ರ ಅಂದೇ.

ಈಗ ನಾನಿರುವ ಚಿಕ್ಕಬಳ್ಳಾಪುರದ ಖಾಸಗಿ ಆಸ್ಪತ್ರೆಯಲ್ಲಿ ಆ ವಾರ್ಡಿನ ಜಾಗವೊಂದು ಖಾಲಿಯಾಗಿದೆ. ಅರ್ಜಿ ಬರೆಯುವ ಮುಂಚೆ ಹಳೆಯ ಡೈರಿ ತೆಗೆದೆ. ಕಾಲೇಜಿನ ಮೇಡಂ ಆಸಕ್ತಿಯ ವಿಭಾಗ ಕೇಳಿದ ದಿನದ ಪುಟ ಸಿಕ್ಕಿತು. ಹುಡುಗರೆಲ್ಲ ಕ್ಯಾಶುಯಲ್ಟಿ, ಆಪರೇಷನ್ ಥಿಯೇಟರ್ ಎಂದಿದ್ದರು. ಹಿಂದಿನ ಬೆಂಚಿನಿಂದ ಒಬ್ಬ, "ಇವ್ನು ಜೋಗುಳ ಹಾಡೋಕೆ ಹೋಗ್ತಾನಂತೆ ಕಣ್ರೋ" ಎಂದು ಕಿಸಕ್ಕೆಂದಿದ್ದ. ಅದರ ಕೆಳಗೆ ನನ್ನದೇ ಅಕ್ಷರ: ‘ಕ್ಯಾಶುಯಲ್ಟಿ ಅಂದೆ. ಮಕ್ಕಳ ವಾರ್ಡ್ ಅಂತಿದ್ದೆಯಲ್ಲೋ ಅಂತ ಮೇಡಂ ಇನ್ನೊಂದು ಸಲ ಕೇಳಿದರು. ಇಲ್ಲ, ಕ್ಯಾಶುಯಲ್ಟಿನೇ ಅಂದೆ.’

ಇಂದು ಬೆಳಿಗ್ಗೆ ಅರ್ಜಿಯನ್ನು ನರ್ಸಿಂಗ್ ಮುಖ್ಯಸ್ಥೆಗೆ ಕೊಟ್ಟೆ. ಸುತ್ತ ಕ್ಯಾಶುಯಲ್ಟಿಯವರೆಲ್ಲ ಇದ್ದರು.

"ನೀನಾ? ತಾಯಂದ್ರು ಹಾಲು ಕುಡಿಸೋ ಜಾಗ ಕಣಪ್ಪ ಅದು. ಇಲ್ಲಿ ಪೇಷಂಟ್ ಎತ್ತೋಕೆ ಯಾರಿರ್ತಾರೆ?"

ಎಲ್ಲರೂ ನಕ್ಕರು. ಆಕೆ ನಗು ನಿಲ್ಲಿಸಿ, ಅರ್ಜಿ ಓದಿ, ತಲೆಯೆತ್ತಿದರು. "ನಿಜವಾಗ್ಲೂ ಬೇಕಾ? ಮೇಲಕ್ಕೆ ಕಳಿಸ್ಲಾ?"

"ಬಿಡಿ ಮೇಡಂ, ಸುಮ್ನೆ ಬರ್ದೆ" ಎಂದೆ. ಹಾಳೆ ಜೇಬಿಗೆ ಬಂತು.

ಮನೆಯಲ್ಲಿ ಹೆಂಡತಿ ಕೇಳಿದಳು, "ಏನಂದ್ರು?"

"ಗಂಡಸ್ರಿಗೆ ಕೊಡಲ್ವಂತೆ."

ಅವಳು ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡು ಮುಖ್ಯಸ್ಥೆಯನ್ನು ಬೈದಳು. ನಾನು ತಡೆಯಲಿಲ್ಲ. ಇನ್ನು ಆರು ವರ್ಷಕ್ಕೆ ನಾನೂ ಅದನ್ನೇ ನಂಬಿಬಿಡುತ್ತೇನೆಂಬ ಭಯಕ್ಕೆ ಇಲ್ಲಿ ಬರೆದಿಡುತ್ತಿದ್ದೇನೆ: ಆಕೆ ಕೊಡುವುದಿಲ್ಲ ಎನ್ನಲಿಲ್ಲ. ಕಳಿಸಲೇ ಎಂದು ಕೇಳಿದರು.